ಬೋಳು ಗೋಡೆಯ ಮೇಲೆ ಇಬ್ಬರು ಹೆಂಗಸರು

ಬೆಳಗಿನ ಐದೂವರೆ. ಕುದೂರು ಬಸ್ ನಿಲ್ದಾಣದ ಗೋಡೆಗೆ ಮಾಯಮ್ಮ ಮೋಟು ಪೊರಕೆಯಿಂದ ಅಂಟು ಬಳಿಯುತ್ತಿದ್ದಾರೆ. ಮೈದಾ ಕಾಯಿಸಿದ ಅಂಟು; ದನಗಳು ಪೋಸ್ಟರ್ ತಿನ್ನದಿರಲೆಂದು ಅದಕ್ಕೊಂದು ಚಿಟಿಕೆ ಮೈಲುತುತ್ತ. ಹಾಳೆ ಹಚ್ಚುವ ಮೊದಲು ಎದುರಿನ ಕಲ್ಲುಬೆಂಚಿನ ಮೇಲೆ ಒಮ್ಮೆ ಕುಳಿತು ಗೋಡೆ ನೋಡುತ್ತಾರೆ. ಎದ್ದು ಬಂದು ಒಂದು ಗೇಣು ಕೆಳಗೆ ಹಚ್ಚುತ್ತಾರೆ.

"ಗಂಡಸರು ನಿಂತ್ಕಂಡು ನೋಡ್ತಾರೆ, ಹೆಂಗಸರು ಕುಂತ್ಕಂಡು ನೋಡ್ತಾರೆ. ಬಸ್ಸು ಬರೋ ಕಡೀಕೇ ಕಣ್ಣಿರ್ತದೆ. ಅದ್ಕೇ ಈ ಮೂಲೆ" ಎನ್ನುತ್ತಾರೆ.

ಕಲ್ಯ ಗ್ರಾಮದ ಮಾಯಮ್ಮ ಓದಿದ್ದು ನಾಲ್ಕನೇ ತರಗತಿ. ಮಾಗಡಿಯ ಹಳೆಯ ಚಿತ್ರಮಂದಿರವೊಂದಕ್ಕೆ ಪೋಸ್ಟರ್ ಹಚ್ಚಲು ಶುರುಮಾಡಿ ಇಪ್ಪತ್ತೆರಡು ವರ್ಷ. ಮೊದಲು ಇದು ಗಂಡನ ಕೆಲಸ. ಅವರು ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಬಕೆಟ್ಟು ಇವರ ಕೈಗೆ ಬಂತು. ಹೆಂಗಸು ಏಣಿ ಹತ್ತುವುದುಂಟೇ ಎಂದು ನಕ್ಕವರಿಗೇನೂ ಕಡಿಮೆಯಿರಲಿಲ್ಲ. ಈಗ ಮೊಪೆಡ್ಡಿನಲ್ಲಿ ದಿನಕ್ಕೆ ಅರವತ್ತು ಕಿಲೋಮೀಟರ್, ನಲವತ್ತು ಗೋಡೆ. ಶುಕ್ರವಾರದ ಮೊದಲ ಆಟ ಪೂರ್ತಿ ನೋಡಲೇಬೇಕೆಂಬ ಹಟ ಮಾತ್ರ ಬಿಟ್ಟಿಲ್ಲ.

ಆ ಹಟವೇ ಕಳೆದ ತಿಂಗಳು ಒಂದು ಸಿನಿಮಾವನ್ನು ಉಳಿಸಿತು. ಪೋಸ್ಟರಿನ ತುಂಬ ಮಚ್ಚು ಹಿಡಿದ ನಾಯಕ. ಸಿನಿಮಾದಲ್ಲಿದ್ದದ್ದು ಬಸ್ಸು ಓಡಿಸಿ ಬದುಕು ಕಟ್ಟಿಕೊಳ್ಳುವ ಇಬ್ಬರು ಓರಗಿತ್ತಿಯರ ಕಥೆ. ಹೊಡೆದಾಟ ನೋಡಲು ಬಂದವರು ಇಂಟರ್‌ವಲ್‌ಗೇ ಎದ್ದು ಹೋದರು. ಪೋಸ್ಟರ್ ಕಂಡ ಹೆಂಗಸರಂತೂ ಇತ್ತ ತಲೆಯೇ ಹಾಕಲಿಲ್ಲ. ಸೋಮವಾರ ಚಿತ್ರ ಎತ್ತಿಬಿಡುವುದಾಗಿ ಮ್ಯಾನೇಜರ್ ಅನಂತರಾಜು ಶನಿವಾರ ಹೇಳಿದರು.

"ಒಂದಿನ ಕೊಡಿ ಸಾ" ಅಂದರು ಮಾಯಮ್ಮ. "ಇದು ಹೊಡೆದಾಟದ್ದಲ್ಲ, ಹೆಣ್ಮಕ್ಕಳ ಪಿಚ್ಚರ್ರು. ಜನ ಬರ್ಲಿಲ್ಲ ಅಂದ್ರೆ ನನ್ನೂ ಕೆಲ್ಸಕ್ಕೆ ಕರೀಬ್ಯಾಡಿ."

ಆರು ಹಾಳೆ ಜೋಡಿಸಿ ಹಚ್ಚುವ ಆ ಪೋಸ್ಟರಿನಲ್ಲಿ ಓರಗಿತ್ತಿಯರಿದ್ದದ್ದು ಬಲಮೂಲೆಯ ಒಂದೇ ಹಾಳೆಯಲ್ಲಿ. ಭಾನುವಾರ ಮಾಯಮ್ಮ ಗೋಡೆಗಳ ಮೇಲಿದ್ದ ಪೋಸ್ಟರ್ ಕಿತ್ತು, ಆ ಒಂದು ಹಾಳೆಯನ್ನೂ ಕೆಳಗೆ ಚಿತ್ರದ ಹೆಸರಿನ ಪಟ್ಟಿಯನ್ನೂ ಹಚ್ಚಿ, ಮಿಕ್ಕ ಗೋಡೆಯನ್ನು ಬೋಳಾಗಿ ಬಿಟ್ಟರು. ಮ್ಯಾಟಿನಿಗೆ ಮೂವತ್ತು ಹೆಂಗಸರು ಬಂದರು. ಅನಂತರಾಜು ಚಿತ್ರ ಎತ್ತಲಿಲ್ಲ. ಬುಧವಾರದ ಹೊತ್ತಿಗೆ ಹೆಂಗಸರ ಸಾಲು ಗೇಟು ದಾಟಿ ರಸ್ತೆಗೆ ಬಂದಿತ್ತು.

ರಾಮನಗರದಲ್ಲಿ ಸಿನಿಮಾ ಅಧ್ಯಯನ ಕಲಿಸುವ ಉಪನ್ಯಾಸಕಿ ಲತಾಮಣಿ ಮೊನ್ನೆ ವಿದ್ಯಾರ್ಥಿಗಳನ್ನು ಈ ಗೋಡೆ ನೋಡಲೆಂದೇ ಕರೆತಂದಿದ್ದರು. "ದೃಶ್ಯ ಸಂಯೋಜನೆ, ಚಿತ್ರ ಪ್ರಕಾರಗಳು ಅಂತ ನಾನು ಒಂದು ಸೆಮಿಸ್ಟರ್ ಪಾಠ ಮಾಡ್ತೀನಿ. ಇವರು ಒಂದೇ ಹಾಳೇಲಿ ಮುಗಿಸಿದ್ದಾರೆ" ಎಂದು ಅವರು ನಗುತ್ತಾರೆ. ಅಷ್ಟು ಜಾಗ ಖಾಲಿ ಬಿಟ್ಟದ್ದೇಕೆಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳಂತೆ.

"ಸುತ್ತ ಯಾರೂ ಇಲ್ದಿದ್ರೆ ತಾನೆ ಮಗ, ಇವ್ರಿಬ್ರೇ ನಿಂತವ್ರೆ ಅಂತ ಗೊತ್ತಾಗೋದು?" ಎಂದಿದ್ದರು ಮಾಯಮ್ಮ.

ಚಿತ್ರ ಇಪ್ಪತ್ತೈದು ದಿನ ಪೂರೈಸಿತು. ಆ ಮಾತು ಬಂದಾಗ ಮಾಯಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾರೆ.

"ಇಷ್ಟು ವರ್ಸದಲ್ಲಿ ಒಂದು ಹಾಳೇನೂ ಸೊಟ್ಟ ಹಚ್ಚಿಲ್ಲ. ಇಪ್ಪತ್ತೈದನೇ ದಿನ ಅನ್ನೋ ಚೀಟಿ ಹಚ್ಚೋವಾಗ ಅವ್ರಿಬ್ರನ್ನೇ ನೋಡ್ತಿದ್ದೆ, ಸೊಟ್ಟ ಆಗ್ಬುಡ್ತು. ಕಿತ್ತು ನೆಟ್ಟಗೆ ಹಚ್ಬೋದಿತ್ತು. ನಂದೂ ಅಂತ ಒಂದು ಗುರ್ತು ಇರ್ಲಿ ಅಂತ ಹಂಗೇ ಬುಟ್ಟೆ."