ಇಲಿಯಕ್ಕ ಗಂಡನಿಗೆ ಪಥ್ಯ ಮಾಡಿಸಿದ್ದು

"ಮನೇಲಿರೋ ಗಂಡು ಒಂದು, ಕೆಲಸದಲ್ಲಿರೋ ಗಂಡು ಇನ್ನೂರು. ಇಲಿಯಕ್ಕನ ಭಾಗ್ಯ ಯಾರಿಗಿದೆ ಹೇಳಿ!"

ಬಸ್ ಡಿಪೋದ ಕ್ವಾರ್ಟರ್ಸಿನಲ್ಲಿ ಹೆಂಗಸರು ಮೆಟ್ಟಿಲ ಮೇಲೆ ಕೂತು ಹೀಗೆ ಹೇಳಿ ನಗುತ್ತಿದ್ದರು. ಅದರಲ್ಲಿ ಕುಹಕವೇನೂ ಇರಲಿಲ್ಲ. ಇಲಿಯಕ್ಕನೂ ಕೆಲಸ ಮುಗಿಸಿ ಬಂದು ಅವರ ನಡುವೆಯೇ ಕಾಲು ಚಾಚಿ ಕೂತು ನಗುವವಳು. ಅವಳ ಗಂಡ ಡಿಪೋದಲ್ಲಿ ಡ್ರೈವರ್. ಅವಳದು ದೊಡ್ಡದೊಂದು ವೈದ್ಯಕೀಯ ಸಂಶೋಧನಾ ಸಂಸ್ಥೆಯಲ್ಲಿ ಇಲಿಗಳನ್ನು ನೋಡಿಕೊಳ್ಳುವ ಕೆಲಸ. ಬಿಳಿ ಇಲಿಗಳು, ಎಲ್ಲವೂ ಗಂಡು.

"ಅದ್ಯಾಕಕ್ಕ ಬರೀ ಗಂಡು?" ಎಂದು ಎದುರುಮನೆಯ ಕಂಡಕ್ಟರನ ಹೆಂಡತಿ ಒಮ್ಮೆ ಕೇಳಿದ್ದಳು.

"ಹೆಣ್ಣಿನ ಮೈಯಲ್ಲಿ ದಿನಕ್ಕೊಂದು ಏರಿಳಿತ ಅಂತೆ ಕಣೇ. ಲೆಕ್ಕ ಹಿಡಿಯೋದು ಕಷ್ಟ ಅಂತ ಗಂಡನ್ನೇ ಇಟ್ಟಿದ್ದಾರೆ."

"ಹಾಗಾದ್ರೆ ನಮ್ಮೆಜಮಾನ್ರನ್ನೂ ಕರ್ಕೊಂಡು ಹೋಗು. ಬೆಳಗ್ಗೆಯಿಂದ ಸಂಜೆವರೆಗೂ ಒಂದೇ ಮುಖ. ಲೆಕ್ಕಕ್ಕೆ ಬಲು ಸಲೀಸು!"

ಇಲಿಯಕ್ಕನ ಕೋಣೆಯಲ್ಲಿ ಗೋಡೆಯುದ್ದಕ್ಕೂ ಪ್ಲಾಸ್ಟಿಕ್ ಪೆಟ್ಟಿಗೆಗಳು, ಒಳಗೆ ಮರದ ಹೊಟ್ಟಿನ ಹಾಸು, ಮೇಲೆ ಕಂಬಿಯ ಮುಚ್ಚಳ. ಅರ್ಧದಷ್ಟು ಇಲಿಗಳಿಗೆ ಸಾದಾ ಮೇವು, ಇನ್ನರ್ಧಕ್ಕೆ ಕೊಬ್ಬು ಬೆರೆಸಿದ್ದು. ಬೆಳಗ್ಗೆ ತೂಗಿ ಹಾಕಬೇಕು, ಮಾರನೆಯ ದಿನ ಮಿಕ್ಕಿದ್ದನ್ನು ತೂಗಬೇಕು, ಆಮೇಲೆ ಇಲಿಯನ್ನೂ ತೂಗಬೇಕು. ಯಾವುದಾದರೂ ಹಟ ಮಾಡಿದರೆ, "ಬಾರಪ್ಪ ರಾಜ, ಒಂದೇ ಗಳಿಗೆ," ಎಂದು ಪುಸಲಾಯಿಸುವಳು.

ಓಣಿಯ ತುದಿಯಲ್ಲಿ ಇನ್ನೊಂದು ಕೋಣೆಯಿತ್ತು. ದಿನವೂ ಕೆಲವು ಪೆಟ್ಟಿಗೆಗಳು ಅಲ್ಲಿಗೆ ಹೋಗಿ ಮಧ್ಯಾಹ್ನ ವಾಪಸ್ಸಾಗುತ್ತಿದ್ದವು. ಅಲ್ಲಿನ ಕೆಲಸಕ್ಕೆ ಬೇರೆಯವನಿದ್ದ. ಬಾಯಿ ಬಿಡದ ಆಸಾಮಿ, ಎಲ್ಲರೂ ಅವನನ್ನು ಮೌನಿ ಎನ್ನುತ್ತಿದ್ದರು. ಆ ಬಾಗಿಲೊಳಗೆ ಇಲಿಗಳಿಗೆ 'ಒತ್ತಡ' ಕೊಡುತ್ತಾರೆ ಎಂಬುದಷ್ಟೇ ಇಲಿಯಕ್ಕನಿಗೆ ಗೊತ್ತಿದ್ದದ್ದು. ಒಬ್ಬರ ಕೈವಾಸನೆ ಇನ್ನೊಬ್ಬರ ಕೋಣೆಗೆ ಹೋಗಬಾರದು ಎಂಬ ಕಟ್ಟುನಿಟ್ಟು ಇದ್ದುದರಿಂದ ಅವಳು ಅತ್ತ ಇಣುಕಿದವಳೂ ಅಲ್ಲ.

ಹೀಗಿರುವಾಗ ಒಂದು ದಿನ ಅವಳ ಗಂಡನಿಗೆ ಸ್ಟೇರಿಂಗ್ ಹಿಡಿದಿದ್ದಾಗಲೇ ಎದೆ ಹಿಂಡಿದಂತಾಯಿತು. ಪುಣ್ಯಾತ್ಮ, ಬಸ್ಸನ್ನು ರಸ್ತೆ ಪಕ್ಕಕ್ಕೆ ತಂದು ನಿಲ್ಲಿಸಿ, ಆಮೇಲೆ ಕುಸಿದ. ಆಸ್ಪತ್ರೆಯಲ್ಲಿ ಡಾಕ್ಟರು, "ಈ ಸಲ ಬಚಾವಾಗಿದ್ದೀರಿ. ಕರಿದದ್ದು, ಬೆಣ್ಣೆ, ಸಿಹಿ ಎಲ್ಲ ಬಿಡಿ. ಮನಸ್ಸಿಗೂ ಸ್ವಲ್ಪ ನೆಮ್ಮದಿ ಬೇಕು," ಎಂದರು.

ಇಲಿಯಕ್ಕನ ಕಿವಿಗೆ ಬಿದ್ದದ್ದು ಊಟದ ಮಾತು ಮಾತ್ರ. ಕೊಬ್ಬು ತಿಂದ ಇಲಿಗಳನ್ನು ಮೇಜಿನ ಮೇಲೆ ಕೊಯ್ದಾಗ ಲಿವರು ಹಳದಿ ಬಿದ್ದಿರುವುದನ್ನು ಅವಳು ಕಣ್ಣಾರೆ ಕಂಡಿದ್ದಳು. ಹಾಸಿಗೆಯಲ್ಲಿ ಮಲಗಿದ್ದ ಗಂಡನ ಹೊಟ್ಟೆ ನೋಡಿದಾಗ ಅದೇ ಬಣ್ಣ ಕಣ್ಣಿಗೆ ಕಟ್ಟಿತು. ಈ ಮನುಷ್ಯನನ್ನು ನಾನು ಬಿಟ್ಟುಕೊಡುವುದಿಲ್ಲ ಎಂದು ಅವಳು ಅಲ್ಲೇ ಸೆರಗು ಬಿಗಿದಳು.

ಮನೆಗೆ ತಕ್ಕಡಿ ಬಂತು, ಜೊತೆಗೆ ಮೇಲೆ ನಿಂತು ತೂಕ ನೋಡುವ ಮಶೀನೂ ಬಂತು. ಅವನ ತಟ್ಟೆಗೆ ಬೀಳುವುದೆಲ್ಲ ತೂಕವಾಗಿಯೇ ಬೀಳತೊಡಗಿತು. ಉಂಡು ಮಿಕ್ಕಿದ್ದಕ್ಕೂ ತೂಕ. ಬೆಳಗ್ಗೆ ಚಹಾ ಗಂಟಲಿಗಿಳಿಯುವ ಮೊದಲೇ ಅವನನ್ನು ಬನಿಯನ್ನಿನಲ್ಲಿ ನಿಲ್ಲಿಸಿ ತೂಗುವಳು.

"ನಾನೇನು ನಿನ್ನ ಪೆಟ್ಟಿಗೇಲಿರೋನಾ?" ಎಂದು ಅವನು ಮೊದಮೊದಲು ನಗುತ್ತಿದ್ದ.

"ಆಗಿದ್ರೆ ಚೆನ್ನಾಗಿತ್ತು. ಅವು ಎದುರು ಮಾತಾಡಲ್ಲ. ಅಲ್ಲಾಡಬೇಡಿ ಸುಮ್ನೆ!"

ನಗು ಬರಬರುತ್ತಾ ಕಮ್ಮಿಯಾಯಿತು. ಅವನು ಮತ್ತೆ ಕೆಲಸಕ್ಕೆ ಹೋಗತೊಡಗಿದ ಮೇಲೆ, ಡ್ಯೂಟಿ ಮುಗಿಸಿ ಬಂದವನ ಬಾಯಿಯನ್ನು ಮೂಸಿ ನೋಡುವಳು, ಜೇಬು ತಡವುವಳು, ಅಂಗಿಯ ಮೇಲೆ ಎಣ್ಣೆಯ ಕಲೆ ಹುಡುಕುವಳು. ಡಿಪೋದ ಕ್ಯಾಂಟೀನಿಗೆ ಖುದ್ದಾಗಿ ಹೋಗಿ, "ನನ್ನ ಗಂಡನಿಗೆ ಏನಾದ್ರೂ ಕೊಟ್ರೆ ನೋಡಿ ಮತ್ತೆ," ಎಂದು ಹೇಳಿ ಬಂದಳು. ಅಂದಿನಿಂದ ಉಳಿದ ಡ್ರೈವರುಗಳು ಅವನನ್ನು 'ಪಥ್ಯದಪ್ಪ' ಎಂದು ಕರೆಯತೊಡಗಿದರು. ಅವನು ಟೇಬಲ್ಲಿನ ಹತ್ತಿರ ಬಂದರೆ ಸಾಕು, ತಟ್ಟೆಗಳನ್ನು ಬಚ್ಚಿಡುವ ಆಟ.

ಹೊಟ್ಟೆ ಮಾತ್ರ ಕರಗಿತು. ಬೆಲ್ಟಿಗೆ ಹೊಸ ತೂತು ಬಿತ್ತು. "ಗಂಡನ್ನ ಯಮನ ಬಾಯಿಂದ ಎಳ್ಕೊಂಡು ಬಂದ್ಲು ನೋಡಿ," ಎಂದು ಕ್ವಾರ್ಟರ್ಸಿನವರು ಕೊಂಡಾಡಿದರು. ಅವಳ ಕಾಲು ನೆಲದ ಮೇಲೆ ನಿಲ್ಲದ ದಿನಗಳವು.

ಆದರೆ ಅವನು ಮನೆಗೆ ಬರುವುದು ತಡವಾಗತೊಡಗಿತು. ಡಿಪೋ ಗೇಟಿನಿಂದ ಮನೆಗೆ ಕೂಗಳತೆ. ಬಸ್ಸು ಒಳಗೆ ಬಂದದ್ದು ಕಿಟಕಿಯಿಂದಲೇ ಕಾಣುತ್ತಿತ್ತು, ಗಂಡ ಮಾತ್ರ ಕಾಣುತ್ತಿರಲಿಲ್ಲ.

"ಇಷ್ಟು ಹೊತ್ತು ಎಲ್ಲಿದ್ರಿ?"

"ಇಲ್ಲೇ ಇದ್ದೆ."

"ಇಲ್ಲೇ ಅಂದ್ರೆ ಎಲ್ಲಿ? ಯಾವ ಅಂಗಡಿ? ನಾನಿಲ್ಲಿ ಉಪ್ಪು ಕೂಡ ಅಳೆದು ಹಾಕ್ತೀನಿ, ನೀವು ಹೊರಗೆ ಕದ್ದು ತಿನ್ಕೊಂಡು ಬನ್ನಿ! ಸಾಯೋ ಹಂಬಲ ಅಷ್ಟಿದ್ರೆ ನನ್ನನ್ಯಾಕೆ ಗೋಳು ಹೊಯ್ಕೊತೀರಿ?"

ಅವನು ಕೈ ತೊಳೆದು ಬಂದು, ತಟ್ಟೆಯಲ್ಲಿದ್ದದ್ದನ್ನು ಪೂರ್ತಿ ಉಂಡು, ಗೋಡೆಯ ಕಡೆ ತಿರುಗಿ ಮಲಗಿದ. ಮಾತಿಗೆ ಮಾತು ಪೋಣಿಸಿ ನಗಿಸುತ್ತಿದ್ದ ಮನುಷ್ಯ ಅವನು. ಅವನ ಮಾತು ನಿಂತು ಎಷ್ಟು ದಿನವಾಯಿತೆಂಬುದು ಅವಳ ಗಮನಕ್ಕೇ ಬಂದಿರಲಿಲ್ಲ. ತೂಕದ ಮೇಲೆಯೇ ಇತ್ತು ಅವಳ ಕಣ್ಣೆಲ್ಲ.

ಒಂದು ಸಂಜೆ ಬಸ್ಸು ಬಂತು, ಅವನು ಬರಲಿಲ್ಲ. ಇವಳು ಕಿಟಕಿಯಲ್ಲಿ ನಿಂತು ಬೈಗುಳ ಜೋಡಿಸಿಟ್ಟುಕೊಳ್ಳುತ್ತಿದ್ದಾಗ ಎದುರುಮನೆಯ ಕಂಡಕ್ಟರ್ ಮೆಟ್ಟಿಲು ಹತ್ತಿ ಬಂದ. ಅವನ ಟೋಪಿ ಕೈಯಲ್ಲಿತ್ತು.

"ಅತ್ತಿಗೆ... ಅಣ್ಣ ಹೋಗ್ಬಿಟ್ಟ."

ಇಲಿಯಕ್ಕನ ಬಾಯಿಂದ ಮೊದಲು ಹೊರಟದ್ದು ಅಳು ಅಲ್ಲ. "ಏನು ತಿಂದಿದ್ರು?" ಎಂದು ಕೇಳಿದಳು.

ಕಂಡಕ್ಟರ್ ತಲೆ ತಗ್ಗಿಸಿದ. "ಏನೂ ಇಲ್ಲ ಅತ್ತಿಗೆ. ಯಾವತ್ತೂ ಏನೂ ತಿಂತಿರಲಿಲ್ಲ. ಬಸ್ಸು ನಿಲ್ಲಿಸಿ ಹಿಂದಿನ ಸೀಟಲ್ಲಿ ಹೋಗಿ ಸುಮ್ನೆ ಕೂತಿರ್ತಿದ್ದ. ನಾನೂ ಎಷ್ಟೋ ಸಲ ಕರೆದೆ. 'ನೀನು ಹೋಗಪ್ಪ, ಇಲ್ಲಿ ಯಾರೂ ನನ್ನನ್ನ ನೋಡ್ತಿಲ್ಲ, ಸ್ವಲ್ಪ ಹೊತ್ತು ಹೀಗೇ ಇರ್ತೀನಿ' ಅಂತಿದ್ದ. ಇವತ್ತೂ ಹಾಗೇ ಕೂತಿದ್ದ. ಕರೆದ್ರೆ ಏಳಲಿಲ್ಲ."

ಆಗ ಅವಳು ನೆಲಕ್ಕೆ ಕುಸಿದಳು.

ಎಲ್ಲ ಕಳೆದು ಅವಳು ಮತ್ತೆ ಕೆಲಸಕ್ಕೆ ಹೋದ ವಾರವೇ ಮೌನಿ ಜ್ವರವೆಂದು ಬರಲಿಲ್ಲ. ಸಂಶೋಧನೆ ನಡೆಸುತ್ತಿದ್ದ ಮೇಡಂ, "ಇವತ್ತೊಂದು ದಿನ ಆ ಕೋಣೆಗೆ ನೀವೇ ಬನ್ನಿ ಅಮ್ಮ," ಎಂದರು. ಇಲಿಯಕ್ಕ ಮೊದಲ ಸಲ ಆ ಬಾಗಿಲು ದಾಟಿದಳು.

ಒಳಗೆ ಹೊಡೆತವಿರಲಿಲ್ಲ, ಬಡಿತವಿರಲಿಲ್ಲ. ಇಲಿಯ ಮೈಯಷ್ಟೇ ಅಗಲದ ಪಾರದರ್ಶಕ ಕೊಳವೆಗಳು, ಅಷ್ಟೇ. ಇಲಿಯನ್ನು ಒಳಗೆ ಬಿಟ್ಟು ಹಿಂದಿನಿಂದ ಮುಚ್ಚಬೇಕು. ಅದಕ್ಕೆ ನೋವಿಲ್ಲ, ಉಸಿರಾಟಕ್ಕೆ ತೂತಿದೆ. ಆದರೆ ತಿರುಗುವ ಹಾಗಿಲ್ಲ. ಕೊಳವೆಯೊಳಗಿಂದ ಒಂದು ಗಂಡಿಲಿ ಮೀಸೆಯನ್ನೂ ಅಲ್ಲಾಡಿಸದೆ ಅವಳನ್ನೇ ನೋಡುತ್ತಿತ್ತು. ಅದರ ಪೆಟ್ಟಿಗೆಯ ಮೇಲಿನ ಚೀಟಿ ನೋಡಿದಳು. ಅವಳೇ ತೂಗಿ ಹಾಕುವ ಸಾದಾ ಮೇವಿನದು.

"ಮೇಡಂ, ಇದಕ್ಕೆ ಒಳ್ಳೆ ಊಟಾನೇ ಅಲ್ವಾ ಕೊಡ್ತಿರೋದು?"

"ಹೌದಮ್ಮ. ಊಟ ಒಳ್ಳೇದಿದ್ದೂ ದಿನಾ ಹೀಗೆ ಹಿಡಿದಿಟ್ರೆ ಏನಾಗುತ್ತೆ ಅನ್ನೋದೇ ಪ್ರಶ್ನೆ."

"ಏನಾಗುತ್ತೆ?"

"ಕೆಲವಕ್ಕೆ ಹೃದಯಕ್ಕೆ ಪೆಟ್ಟು ಬಿದ್ದಿದೆ. ಕೆಲವು ತಡ್ಕೊಂಡಿವೆ."

ಇಲಿಯಕ್ಕ ಚೀಟಿಯಿಂದ ಕಣ್ಣೆತ್ತಿದಳು. "ಮನುಷ್ಯರಿಗೂ ಹೀಗೇನಾ ಮೇಡಂ?"

ಮೇಡಂ ಕೈಗವಸು ಬಿಚ್ಚಿ, ಅವಳ ಮುಖವನ್ನು ಸರಿಯಾಗಿ ನೋಡಿದರು. ಅವಳ ಮನೆಯ ಸಾವಿನ ಸುದ್ದಿ ಅವರಿಗೂ ಗೊತ್ತಿತ್ತು. "ಇಲೀಲಿ ಕಂಡದ್ದನ್ನ ಮನುಷ್ಯರಿಗೆ ಹಾಗೇ ಹೇಳೋಕೆ ಬರಲ್ಲ ಅಮ್ಮ. ನಿಮ್ಮ ಯಜಮಾನರಿಗೆ ಹಳೇ ಕಾಯಿಲೆ ಇತ್ತು. ಯಾವುದರಿಂದ ಏನಾಯ್ತು ಅಂತ ಯಾರಿಂದಲೂ ಹೇಳೋಕಾಗಲ್ಲ."

ನಿನ್ನಿಂದಲೇ ಎಂದಿದ್ದರೆ ತಲೆ ಚಚ್ಚಿಕೊಂಡು ಅಳಬಹುದಿತ್ತು. ನಿನ್ನಿಂದಲ್ಲ ಎಂದಿದ್ದರೆ ಒಂದು ರಾತ್ರಿಯಾದರೂ ನಿದ್ದೆ ಬರುತ್ತಿತ್ತು. ಎರಡೂ ಸಿಗಲಿಲ್ಲ ಆ ಹೆಂಗಸಿಗೆ. ಹೊತ್ತು ಮುಗಿದ ಮೇಲೆ ಕೊಳವೆಗಳ ಮುಚ್ಚಳ ತೆಗೆದಳು. ಕೆಲವು ಇಲಿಗಳು ಚಂಗನೆ ಹೊರಬಂದವು. ಅವಳನ್ನು ನೋಡುತ್ತಿದ್ದದ್ದು ಮಾತ್ರ ಮುಚ್ಚಳ ತೆರೆದಿದ್ದರೂ ಬಹಳ ಹೊತ್ತು ಒಳಗೇ ಕೂತಿತ್ತು. ಅವಳು ಅದನ್ನು ಪುಸಲಾಯಿಸಲಿಲ್ಲ, ಮುಟ್ಟಲಿಲ್ಲ. ಗೋಡೆಯ ಕಡೆ ಮುಖ ಮಾಡಿ, ಅದು ತಾನಾಗಿ ಬರುವವರೆಗೆ ಕಾದಳು.

ಡ್ರೈವರೇ ಇಲ್ಲದ ಮೇಲೆ ಡ್ರೈವರನ ಕ್ವಾರ್ಟರ್ಸ್ ಎಲ್ಲಿಯದು? ತಂಗಿ ಬಂದು, "ನಮ್ಮನೇಗೆ ನಡಿಯಕ್ಕ," ಎಂದು ಸಾಮಾನು ಕಟ್ಟಿದಳು. ಗಾಡಿ ಬಂದು ಕೆಳಗೆ ನಿಂತಿತು. ಮೆಟ್ಟಿಲ ಮೇಲಿನ ಹೆಂಗಸರು ಎದ್ದು ದಾರಿ ಬಿಟ್ಟರು. ಕಂಡಕ್ಟರನ ಹೆಂಡತಿ ಮಾತ್ರ ಕೈ ಹಿಡಿದುಕೊಂಡು, "ಆಗಾಗ ಬರ್ತಿರು ಅಕ್ಕ," ಎಂದು ಅತ್ತಳು.

"ಒಂದ್ನಿಮಿಷ ಬಂದೆ," ಎಂದು ಇಲಿಯಕ್ಕ ಮತ್ತೆ ಮೇಲೆ ಹೋದಳು. ಖಾಲಿ ಕೋಣೆಯಲ್ಲಿ ಕಿಟಕಿಯೊಂದೇ ಉಳಿದಿತ್ತು. ಕೆಳಗೆ ಡಿಪೋದಲ್ಲಿ ಬಸ್ಸುಗಳು ಸಾಲಾಗಿ ನಿಂತಿದ್ದವು. ಯಾವುದರ ಹಿಂದಿನ ಸೀಟಿನಲ್ಲಿ ಯಾರಾದರೂ ಕೂತಿದ್ದಾರೋ ಇಲ್ಲವೋ ಎಂದು ಅವಳು ನೋಡಲಿಲ್ಲ. ಕಿಟಕಿಯ ಬಾಗಿಲು ಮುಚ್ಚಿ ಚಿಲಕ ಹಾಕಿದಳು. ಹೊರಗೆ ಬಂದು ಬೀಗ ಹಾಕಿ, ಕೀಲಿಯನ್ನು ಕಂಡಕ್ಟರನ ಹೆಂಡತಿಯ ಕೈಗಿಟ್ಟು, ಹಿಂತಿರುಗದೆ ಮೆಟ್ಟಿಲಿಳಿದಳು.