ಜಡೆಯೊಳಗಿನ ಕಾರ್ಡು

ಇವತ್ತು ಕ್ಯಾಮೆರಾ ಅಂಗಡಿಯವನು, "ದೊಡ್ಡ ಮೆಮೊರಿ ಕಾರ್ಡ್ ಒಂದೇ ಸಾಕು" ಎಂದಾಗ, ಹಳಿಯಾಳದ ಅಂಗಡಿಯಲ್ಲಿ ನಿಂತಿದ್ದ ಅವ್ವ ಕಣ್ಮುಂದೆ ಬಂದಳು. "ಸಣ್ಣವು ಎರಡು ಕೊಡ್ರಿ. ಸೆಲ್ಲೂ ಒಂದು ಜೋಡಿ ಹೆಚ್ಚಿಗಿ ಇರ್ಲಿ."

ಅವತ್ತು ಬೆಳಿಗ್ಗೆ ಚಿಗವ್ವ ಗಂಡನ ಹೊಡೆತ ತಾಳದೆ ನಮ್ಮ ಮನೆಗೆ ಓಡಿಬಂದಿದ್ದಳು. ಪೊಲೀಸರಿಗೆ ತೋರಿಸಲು ಅವ್ವ ಅವಳ ಬೆನ್ನಿನ ಬಾಸುಂಡೆಗಳ ಫೋಟೊ ತೆಗೆದಳು. ಸೆಲ್ ಮುಗಿದವು, ಬೇರೆ ಹಾಕಿದಳು. ಅವನು ಬಂದೇ ಬರುತ್ತಾನೆಂದು ಗೊತ್ತಿತ್ತು. ಕ್ಯಾಮೆರಾಕ್ಕೆ ಖಾಲಿ ಕಾರ್ಡ್ ಹಾಕಿ, ತುಂಬಿದ್ದನ್ನು ನನ್ನ ಜಡೆಯೊಳಗೆ ಹೆಣೆದಳು.

ಅವನು ಬಾಗಿಲು ಒದ್ದು ಬಂದ. ಅಡ್ಡ ನಿಂತ ನನ್ನನ್ನು ಅದೇ ಜಡೆ ಹಿಡಿದು ಗೋಡೆಗೆ ಎಸೆದ. ಕ್ಯಾಮೆರಾವನ್ನೂ ಅದರೊಳಗಿನ ಕಾರ್ಡನ್ನೂ ಒಳಕಲ್ಲಿನ ಗುಂಡಿನಿಂದ ಜಜ್ಜಿದ.

"ಎಲ್ಲಾ ಹೋತಲ್ಲೋ ಯಪ್ಪಾ!" ಎಂದು ಅವ್ವ ಎದೆ ಬಡಿದುಕೊಂಡು ಅತ್ತಳು. ಅವನು ನಂಬಿ ಹೋದ.

ಅವ್ವ ಕಣ್ಣೊರೆಸಿಕೊಂಡು ಓಡಿಬಂದಳು. ನನ್ನ ಹಣೆಯಿಂದ ರಕ್ತ ಸುರಿಯುತ್ತಿತ್ತು. ಅವಳು ಮೊದಲು ತಡವಿದ್ದು ಜಡೆಯನ್ನು.

ಅದನ್ನು ನಾನಿನ್ನೂ ಕ್ಷಮಿಸಿಲ್ಲ. ಕಾರ್ಡು ಮಾತ್ರ ಇವತ್ತು ಎರಡು ಕೊಂಡೆ.