ಅಬ್ಬಿ ಇಂಗ್ಲಿಷ್ ಮಾತಾಡಿದ ಚಳಿಗಾಲ

ಅಬುಧಾಬಿಯಲ್ಲಿ ಲಿಫ್ಟ್ ಇರುವ ಕಟ್ಟಡವನ್ನು ನೋಡಲೆಂದೇ ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದ ಕಾಲ ಅದು. ನಮ್ಮದು ಎರಡೇ ಮಾಳಿಗೆಯ ಕಟ್ಟಡ. ಕಿಟಕಿಯ ಏಸಿಯಿಂದ ತೊಟ್ಟಿಕ್ಕುವ ನೀರನ್ನು ಬಕೆಟಿನಲ್ಲಿ ಹಿಡಿದು ಅಬ್ಬಿ ಒಂದು ಬಸಳೆ ಬಳ್ಳಿ ಸಾಕಿದ್ದಳು. ಕುಂದಾಪುರದ ಕಡೆ ನಮ್ಮಂಥ ಮನೆಗಳಲ್ಲಿ ಅಮ್ಮನಿಗೆ ಅಬ್ಬಿ, ಅಪ್ಪನಿಗೆ ಅಪ್ಪಯ್ಯ. ಅಪ್ಪಯ್ಯ ಬಂದರಿನಲ್ಲಿ ಸ್ಟೋರ್‌ಕೀಪರ್. ಆ ಜಾಗಕ್ಕೆ ಅಲ್ ಮೀನಾ ಎಂದು ಹೆಸರು. ಅರಬ್ಬಿಯಲ್ಲಿ ಮೀನಾ ಎಂದರೆ ಬಂದರು, ಅಷ್ಟೇ. ಆದರೆ ಅಲ್ಲಿ ಮೀನು ಸಿಗುತ್ತದೆಂದೇ ಆ ಹೆಸರು ಬಂತೆಂದು ಅಬ್ಬಿ ನಂಬಿದ್ದಳು. "ಕಾಣ್, ಅರಬ್ಬಿಯವ್ರಿಗೂ ಮೀನಿಗೆ ಮೀನೇ. ನಮ್ ಊರಿನವ್ರೇ ಯಾರೋ ಬಂದ್ ಹೆಸ್ರ್ ಇಟ್ಟಿರ್ಕ್" ಎಂದು ಸಂಭ್ರಮಪಡುತ್ತಿದ್ದಳು. ಅಪ್ಪಯ್ಯ ತಿದ್ದುವುದನ್ನೇ ಬಿಟ್ಟಿದ್ದರು.

ಚಳಿಗಾಲದ ಸಂಜೆಗಳು ಮಾತ್ರ, ಆನೆಸ್ಟ್ಲಿ, ಸ್ವರ್ಗ. ಕಟ್ಟಡದ ಹಿಂದಿನ ಮರಳಿನಲ್ಲಿ ಅಬ್ಬಿ ಕೈಬೆರಳಿನಿಂದ ಗುಳಿ ತೋಡುತ್ತಿದ್ದಳು. ಅದೇ ನಮ್ಮ ಚೆನ್ನೆಮಣೆ, ಖರ್ಜೂರದ ಬೀಜಗಳೇ ಕಾಯಿ. ಯಾರದೋ ಮನೆಯ ಏಲಕ್ಕಿ ಚಹಾದ ವಾಸನೆ, ಸಮುದ್ರದ ಉಪ್ಪುಗಾಳಿ, ಅಬ್ಬಿಯ ಸೆರಗಿಗೆ ಅಂಟಿದ ಹುರಿದ ಬಂಗುಡೆಯ ಘಮ. ಆಡುತ್ತ ಆಡುತ್ತ ಊರಿನ ಕತೆ ಹೇಳುವಳು. ನಾನು ಲೆಕ್ಕ ತಪ್ಪಿದರೆ ತಲೆಗೆ ಮೊಟಕಿ, "ಹೆಣೇ, ನಿನ್ ಮಂಡಿ ಒಳ್ಗೆ ಎಂತ ಇತ್ತ್, ಹೊಟ್ಟಾ?" ಎಂದು ಬೈಯುವಳು. ಆ ಬೈಗುಳ ಕೇಳುವುದಕ್ಕೆಂದೇ ನಾನು ಎಷ್ಟೋ ಸಲ ತಪ್ಪುತ್ತಿದ್ದೆ.

ನನಗೆ ಹನ್ನೊಂದು ತುಂಬಿದ ಚಳಿಗಾಲದಲ್ಲಿ ಆ ಶಾಲೆಯ ಮಾತು ಬಂತು. ದುಬೈಯಲ್ಲಿ ಸಿಸ್ಟರ್‌ಗಳು ನಡೆಸುವ ಕಾನ್ವೆಂಟ್. ಆರನೆಯ ತರಗತಿಗೆ ಎಲ್ಲ ಎಮಿರೇಟ್‌ಗಳಿಂದ ಪರೀಕ್ಷೆ ಮಾಡಿ, ಚುರುಕಾದ ಕೆಲವೇ ಮಕ್ಕಳನ್ನು ಆಯ್ದುಕೊಳ್ಳುತ್ತಿದ್ದರು. ಸೇರಿದರೆ ದುಬೈಯ ದೊಡ್ಡಪ್ಪನ ಮನೆಯಲ್ಲಿರಬೇಕು. ಅಲ್ಲಿ ವಾರದ ರಜೆ ಶುಕ್ರವಾರ, ಗುರುವಾರ ಮಧ್ಯಾಹ್ನ ಅಬುಧಾಬಿಗೆ ಬಂದರೆ ಶುಕ್ರವಾರ ಸಂಜೆ ವಾಪಸ್ಸು. ಬರೆಯುವ ಪರೀಕ್ಷೆಯಲ್ಲಿ ನಾನು ಪಾಸಾದೆ. ಉಳಿದದ್ದು ಇಂಟರ್‌ವ್ಯೂ, ಅದಕ್ಕೆ ತಂದೆ ತಾಯಿಯೂ ಬರಬೇಕು.

"ಅದ್ ಅಯಸ್ಕಾಂತ ಇದ್ದಂಗೆ ಶಾಲೆ. ಬುದ್ಧಿ ಇಪ್ಪು ಮಕ್ಕಳನ್ನೆಲ್ಲ ಎಳ್ಕಂತ್" ಎಂದರು ಅಪ್ಪಯ್ಯ, ಊಟಕ್ಕೆ ಕುಳಿತಾಗ.

"ಅಯಸ್ಕಾಂತ ಎಳುದ್ ಕಬ್ಣವ. ನನ್ ಮಗಳ್ ಎಂತ, ಮೊಳೆಯಾ?" ಅಬ್ಬಿ ಅವರ ತಟ್ಟೆಗೆ ಸಾರು ಸುರಿದಳು. "ಇಲ್ಲಿ ಶಾಲೆ ಇಲ್ಯಾ? ಹನ್ನೊಂದ್ ವರ್ಷದ್ ಹೆಣ್ಣ್. ಒಂದ್ ನಾಲ್ಕ್ ವರ್ಷ ನನ್ ಹತ್ರ ಇರ್ಲಿ."

ಅಪ್ಪಯ್ಯ ಕೆಟ್ಟವರಲ್ಲ. ಬಂದರಿನ ಆಫೀಸಿನಲ್ಲಿ ಅವರು ಫೋನು ಎತ್ತಿ ಇಂಗ್ಲಿಷ್ ಮಾತಾಡಿದರೆ ಪಕ್ಕದ ಮೇಜಿನವರು ಅವರ ಧಾಟಿಯನ್ನೇ ಅಣಕಿಸುತ್ತಿದ್ದರು. ಮನೆಗೆ ಬಂದು ಅದನ್ನು ನಗುತ್ತಲೇ ಹೇಳುತ್ತಿದ್ದರು, ಆದರೆ ಆ ದಿನ ಊಟ ಸೇರುತ್ತಿರಲಿಲ್ಲ. ಮಗಳಿಗೆ ಅದು ಬಾರದಿರಲಿ ಎಂಬುದೊಂದೇ ಅವರ ಆಸೆ. ದೊಡ್ಡಪ್ಪ ಫೋನಿನಲ್ಲಿ ಒಂದು ಉಪಾಯ ಹೇಳಿಕೊಟ್ಟರಂತೆ. ಅದರ ಪ್ರಕಾರ ಮರುದಿನ ಬೆಳಿಗ್ಗೆ ಮನೆಯಲ್ಲಿ ಹೊಸ ಕಾನೂನು ಬಂತು.

"ಇಂಟರ್‌ವ್ಯೂ ಮುಗಿವರಿಗೂ ಮನೆಯಲ್ಲ್ ಕನ್ನಡ ಇಲ್ಲೆ. ಬರೀ ಇಂಗ್ಲಿಷ್. ಶಾಲಿನಿ, ಕಾಲ್ ಹರ್ ಮಮ್ಮಿ" ಎಂದು ಅಪ್ಪಯ್ಯ ನನಗೆ ಹೇಳಿದರು.

ಅಬ್ಬಿಯ ಹತ್ತಿರ ಇದ್ದ ಇಂಗ್ಲಿಷ್ ಒಂದು ಮುಷ್ಟಿಯಷ್ಟು. ಮೊದಲ ದಿನ ಮೂಕಿಯ ಹಾಗೆ ಕೈಸನ್ನೆಯಲ್ಲೇ ಬಡಿಸಿದಳು. ಎರಡನೆಯ ದಿನ ನನ್ನನ್ನು ಎಬ್ಬಿಸಿದ್ದು ಸಂತೆಯಲ್ಲಿ ಕಲಿತ ಅರಬ್ಬಿಯಿಂದ: "ಯಲ್ಲಾ! ಯಲ್ಲಾ, ಸ್ಕೂಲ್!" ಮೀನು ಮುಗಿದಾಗ ಪಾತ್ರೆ ಬಗ್ಗಿಸಿ ತೋರಿಸಿ "ಖಲಾಸ್" ಎಂದಳು. ಮೊಸರು ಇಲ್ಲವೆನ್ನಲು "ಮಾಫಿ ಕರ್ಡ್".

ಅಪ್ಪಯ್ಯ ತುತ್ತು ಕೈಯಲ್ಲೇ ಹಿಡಿದು, "ಇದೆಂತ ಮಾರಾಯ್ತಿ?" ಎಂದರು.

"ಹ್ವಾಯ್, ಕನ್ನಡ ಬೇಡ ಅಂದದ್ದ್ ನೀವ್. ಇದ್ ಕನ್ನಡವಾ?"

ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಆದರೆ ಸಂತೆಯ ಆ ನಾಲ್ಕು ಶಬ್ದಗಳಲ್ಲಿ ಕೆಲಸ ಹೇಳಬಹುದಿತ್ತು, ಕತೆ ಹೇಳಲಾಗುತ್ತಿರಲಿಲ್ಲ. ಬೈಯುವುದಂತೂ ಸಾಧ್ಯವೇ ಇಲ್ಲ. ಅಬ್ಬಿಯ ಮಾತು ದಿನದಿನಕ್ಕೆ ಕಮ್ಮಿಯಾಯಿತು. ಮರಳಿನಲ್ಲಿ ಆಟ ನಡೆದೇ ಇತ್ತು, ಅದಕ್ಕೆ ಮಾತು ಬೇಕಿರಲಿಲ್ಲವಲ್ಲ. ಬೀಜಗಳು ಗುಳಿಗೆ ಬೀಳುವ ಸದ್ದು ಮಾತ್ರ. ನಾನು ಲೆಕ್ಕ ತಪ್ಪಿದರೆ ತುಟಿ ಬಿಚ್ಚುವಳು, ಆಮೇಲೆ ಮುಚ್ಚುವಳು.

ಇಂಟರ್‌ವ್ಯೂ ದಿನ ಟ್ಯಾಕ್ಸಿಯಲ್ಲಿ ದುಬೈಗೆ ಹೋಗುವಾಗ ಅಪ್ಪಯ್ಯ ಅವಳಿಗೆ ಪಾಠ ಹೇಳಿಕೊಟ್ಟರು. "ಸಿಸ್ಟರ್ ಎಂತ ಕೇಂಡ್ರೂ 'ಯೆಸ್ ಸಿಸ್ಟರ್' ಅನ್. ಅಷ್ಟೇ ಸಾಕ್." ಅಬ್ಬಿ ಮದುವೆಗೆ ಉಡುವ ನೀಲಿ ಸೀರೆ ಉಟ್ಟಿದ್ದಳು. ಕಿಟಕಿಯಾಚೆಯ ಮರಳು ನೋಡುತ್ತ ತಲೆ ಆಡಿಸಿದಳು.

ಸಿಸ್ಟರ್ ವಯಸ್ಸಾದವರು, ಮೃದು ಮಾತಿನವರು. ಕೋಣೆಯಲ್ಲಿ ಮೇಣದ ಪಾಲಿಶ್ ವಾಸನೆ. ದಾರಿಯ ಪ್ರಯಾಣ ಹೇಗಾಯಿತು ಎಂದು ಅಬ್ಬಿಯನ್ನು ಕೇಳಿದರು. "ಯೆಸ್ ಸಿಸ್ಟರ್" ಎಂದಳು ಅಬ್ಬಿ. ಅಪ್ಪಯ್ಯನ ಕಿವಿ ಕೆಂಪಾಯಿತು. ನನ್ನನ್ನು ಓದಿಸಿದರು, ಲೆಕ್ಕ ಮಾಡಿಸಿದರು, ಒಂದು ಪದ್ಯ ಹೇಳಿಸಿದರು. "ಲವ್ಲಿ" ಎಂದರು. ಆಮೇಲೆ ಕನ್ನಡಕ ತೆಗೆದಿಟ್ಟು, ಅಬ್ಬಿಯ ಕಡೆಗೇ ತಿರುಗಿ, ಒಂದೊಂದೇ ಶಬ್ದ ಬಿಡಿಸಿ ಕೇಳಿದರು:

"ಶಿ ಈಸ್ ವೆರಿ ಯಂಗ್. ವುಡ್ ಯು ಲೈಕ್ ಟು ಕೀಪ್ ಹರ್ ಅಟ್ ಹೋಮ್?"

ಇಷ್ಟು ಸಣ್ಣವಳು, ಮನೆಯಲ್ಲೇ ಇಟ್ಟುಕೊಳ್ಳುವ ಮನಸ್ಸಿದೆಯೇ ನಿಮಗೆ, ಎಂದು.

ಅಬ್ಬಿ ನನ್ನನ್ನು ನೋಡಿದಳು. ಆಮೇಲೆ ಸಿಸ್ಟರ್ ಕಡೆ ನೋಡಿ, "ಯೆಸ್" ಎಂದಳು. ಸ್ವಲ್ಪ ತಡೆದು, ಇನ್ನೊಮ್ಮೆ, "ಯೆಸ್, ಸಿಸ್ಟರ್."

ಅಪ್ಪಯ್ಯ ಗಾಬರಿಯಲ್ಲಿ ಜೋರಾಗಿ ನಕ್ಕುಬಿಟ್ಟರು. "ಸಾರಿ ಸಿಸ್ಟರ್, ಶಿ ಡಿಡ್ ನಾಟ್ ಫಾಲೋ. ಶಿ ಸೇಸ್ ಯೆಸ್ ಟು ಎವೆರಿಥಿಂಗ್!"

ಸಿಸ್ಟರ್ ಕೂಡ ನಕ್ಕರು. ನಾನೂ ನಕ್ಕೆ, ಅಬ್ಬಿಗೆ ಅರ್ಥವಾಗಿಲ್ಲವೆಂದೇ ನಾನೂ ನಂಬಿದ್ದೆ. ಎಲ್ಲರೂ ನಗುವುದನ್ನು ಕಂಡು ಅಬ್ಬಿಯೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅಲ್ಲಿಯೇ ನನ್ನ ಸೀಟು ಗಟ್ಟಿಯಾಯಿತು.

ಮನೆಗೆ ಬಂದ ಮೇಲೆ ಅಪ್ಪಯ್ಯ ಸ್ವೀಟ್ ತರಲು ಹೋದರು. ಅಬ್ಬಿ ಟೆರೇಸಿನಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಳು, ನಾನು ಮಡಚುತ್ತಿದ್ದೆ. ಎಷ್ಟೋ ದಿನಗಳ ನಂತರ ಕನ್ನಡ ಮಾತಾಡಿದಳು.

"ಹೆಣೇ, ಆ ಸಿಸ್ಟರ್ ಕಡಿಗೆ ಕೇಂಡದ್ದ್ ನಂಗ್ ಗೊತ್ತಾಯ್ತ್."

"ಯಾವ್ದ್ ಅಬ್ಬಿ?"

"ಕೀಪ್, ಹೋಮ್. ಅಷ್ಟೂ ತಿಳಿತಿಲ್ಯಾ ನಂಗೆ? ಔಷಧಿ ಬಾಟ್ಲಿ ಮೇಲೆ ಬರ್ದದ್ದ್ ನೀನೇ ಓದಿ ಹೇಳಿದ್ದಲ್ದಾ, ಕೀಪ್ ಅಂದ್ರೆ ಇಟ್ಕಂಬುದ್ ಅಂದೇಳಿ."

ನನ್ನ ಕೈಯಲ್ಲಿದ್ದ ದಿಂಬಿನ ಚೀಲ ಹಾಗೇ ನಿಂತಿತು. "ಹಂಗಾರೆ ಅಪ್ಪಯ್ಯನ್ ಹತ್ರ ಹೇಳ್ ಅಬ್ಬಿ. ಈಗ್ಲೇ ಹೇಳ್."

"ಬ್ಯಾಡ. ಎಷ್ಟ್ ಖುಷಿಯಲ್ಲ್ ಇದ್ರ್ ಕಾಣ್. ಇಂಗ್ಲಿಷಲ್ಲ್ ಹೇಳಿರೆ ನೆಗಿ ಆಯ್ತ್. ಅದನ್ನೇ ಕನ್ನಡದಲ್ಲ್ ಹೇಳಿರೆ ಜಗಳ ಆತ್ತ್. ನೀನೂ ಹೇಳ್ಬೇಡ." ಕ್ಲಿಪ್ಪುಗಳನ್ನೆಲ್ಲ ಒಂದೊಂದಾಗಿ ಡಬ್ಬಿಗೆ ಹಾಕಿದಳು. "ಸಿಸ್ಟರ್ ಕೇಂಡದ್ದೂ ಆಯ್ತ್, ನಾನ್ ಇಟ್ಕಂತೆ ಅಂದೂ ಆಯ್ತ್."

ಏಪ್ರಿಲ್‌ನಲ್ಲಿ ನಾನು ಹೋದೆ.

ಆ ಶಾಲೆ ನನಗೆ ಕೊಟ್ಟದ್ದನ್ನು ಅಲ್ಲಗಳೆಯಲಾರೆ. ಲೈಬ್ರರಿ ಕೊಟ್ಟಿತು, ಪಿಯಾನೋ ಕೊಟ್ಟಿತು, ಮುಂದೆ ಅಲ್ ಐನ್‌ನಲ್ಲಿ ಜೀವಮಾನವಿಡೀ ಇಂಗ್ಲಿಷ್ ಟೀಚರ್ ಆಗುವ ಯೋಗ್ಯತೆ ಕೊಟ್ಟಿತು. ನನ್ನ ಫೋನಿನ ಧಾಟಿಯನ್ನು ಯಾರೂ ಅಣಕಿಸಲಿಲ್ಲ. ಗುರುವಾರ ಮನೆಗೆ ಹೋದರೆ ಹಬ್ಬದಡುಗೆ ಕಾದಿರುತ್ತಿತ್ತು. ಒಳ್ಳೆಯ ತಟ್ಟೆ, ಗಾಜಿನ ಲೋಟ. "ಇನ್ನೊಂಚೂರ್ ಹಾಕ್ಲಕ್ಕಾ?" ಎಂದು ಕೇಳಿ ಬಡಿಸುವಳು, ನೆಂಟರಿಗೆ ಕೇಳುವ ಹಾಗೆ. ಕನ್ನಡಕ್ಕೆ ಈಗ ತಡೆಯಿರಲಿಲ್ಲ, ಆದರೆ ಬೈಗುಳ ನಿಂತುಹೋಗಿತ್ತು. ಒಂದು ಶುಕ್ರವಾರ ನಾನು ಬೇಕೆಂದೇ ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದು ಬಾಗಿಲ ಬಳಿ ಕಾದು ನಿಂತೆ. ಅಬ್ಬಿ ಬಂದಳು, ನೋಡಿದಳು, ಟವೆಲ್ ಎತ್ತಿ ಹಿಂಡಿ ಹರವಿದಳು. ಅಡುಗೆಮನೆಯಲ್ಲಿ ಅಪ್ಪಯ್ಯನಿಗೆ ಹೇಳುತ್ತಿದ್ದದ್ದು ಕೇಳಿಸಿತು: "ಒಂದ್ ದಿನಕ್ಕೆ ಬಂದ್ ಮಗಳಿಗೆ ಎಂತಕ್ಕೆ ಬೈಯೂದ್?"

ನಾನು ಹತ್ತನೆಯ ತರಗತಿಯಲ್ಲಿದ್ದಾಗ ಅಬ್ಬಿ ಜ್ವರ ಬಂದು ಮಲಗಿದವಳು ಏಳಲಿಲ್ಲ. ನಾನು ಬರುವ ಗುರುವಾರದವರೆಗೆ ಉಳಿಯಲಿಲ್ಲ.

ಮೊನ್ನೆ ದುಬೈಯಲ್ಲಿ ಮಗಳ ಮನೆಯ ಊಟದ ಮೇಜಿನಲ್ಲಿ ಇದೇ ಮಾತು ಬಂತು. ಮೊಮ್ಮಗಳು ಅಬುಧಾಬಿಯ ಯಾವುದೋ ಗಿಫ್ಟೆಡ್ ಮಕ್ಕಳ ಮಿಡ್ಲ್ ಸ್ಕೂಲಿಗೆ ಆಯ್ಕೆಯಾಗಿದ್ದಾಳೆ, ವಾರವೆಲ್ಲ ಹಾಸ್ಟೆಲ್. "ಯು ಟೆಲ್ ಅಸ್ ಮಮ್ಮಿ, ನೀವು ಅಂಥ ಸ್ಕೂಲಲ್ಲೇ ಓದಿದ್ದಲ್ವಾ?" ಎಂದಳು ಮಗಳು. ಅಬ್ಬಿ ಇದ್ದಿದ್ದರೆ ನಲವತ್ತರ ಮಗಳಿಗೆ ಕಳಿಸಬೇಡವೆಂಬ ಮಾತನ್ನು ಹೇಗೆ ಹೇಳುತ್ತಿದ್ದಳೋ ಹಾಗೆ ಹೇಳಬೇಕೆನಿಸಿತು. ಬಾಯಿ ತೆರೆದೆ, ಶಬ್ದ ಸಿಗಲಿಲ್ಲ. ಬೆಳೆದ ಹೆಣ್ಣಿನೊಂದಿಗೆ ಅಬ್ಬಿ ಹೇಗೆ ಮಾತಾಡುತ್ತಿದ್ದಳೆಂದು ನಾನು ಕೇಳಿಯೇ ಇಲ್ಲ. ಮೈನೆರೆದ ಮಗಳಿಗೆ, ಮದುವೆಯಾಗಿ ಹೊರಟವಳಿಗೆ, ಬಾಣಂತಿಗೆ ಒಬ್ಬ ತಾಯಿ ಹೇಳುವ ಮಾತುಗಳು ನನ್ನ ಪಾಲಿಗೆ ಬರಲಿಲ್ಲ. ಕೊನೆಗೆ ಇಂಗ್ಲಿಷಿನಲ್ಲೇ ಹೇಳಿದೆ, ಸಣ್ಣವಳು, ನಿನ್ನ ಹತ್ತಿರವೇ ಇರಲಿ ಎಂದು. "ಲೆಟ್ ಅಸ್ ಸೀ, ಮಮ್ಮಿ" ಎಂದಳು ಮಗಳು. ಎಲ್ಲ ನಿಶ್ಚಯವಾದ ಮೇಲಿನ ದನಿ ಅದು.

ಈಗ ನೀವು ಓದುತ್ತಿರುವ ಈ ಕನ್ನಡ ನಾನು ಮದುವೆಯಾದ ಮೇಲೆ ಪುಸ್ತಕಗಳಿಂದ ಕಲಿತದ್ದು. ಅಬ್ಬಿಯ ಕನ್ನಡದಲ್ಲಿ ನನಗಿನ್ನೂ ಹನ್ನೊಂದೇ ವರ್ಷ.